ರಕ್ತದ ದೋಷವೋ, ಬಟ್ಟಲಿನ ದೋಷವೋ? ನಾಯಿ ವಂಶದ ಆಯಸ್ಸು ಓದುವವರಿಗೆ ಟಿಪ್ಪಣಿ

"ಈ ಲೈನ್‌ನ ನಾಯಿಗಳು ಗಟ್ಟಿ, ಹದಿಮೂರು ಹದಿನಾಲ್ಕು ವರ್ಷ ಆರಾಮಾಗಿ ಬಾಳುತ್ತವೆ" ಎಂದು ಬ್ರೀಡರ್ ಹೇಳಿದರೆ ಕೇಳಬೇಕಾದ ಪ್ರಶ್ನೆ ಮೂರು. ಎಷ್ಟು ನಾಯಿಗಳನ್ನು ನೋಡಿ ಈ ಮಾತು? ಅವುಗಳ ಒಡಹುಟ್ಟುಗಳು ಏನಾದವು? ಅವನ್ನೆಲ್ಲ ಎಷ್ಟು ತೂಕದಲ್ಲಿ ಇಟ್ಟು ಸಾಕಿದರು? ಮೊದಲೆರಡನ್ನು ಕೆಲವರಾದರೂ ಕೇಳುತ್ತಾರೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಎಡವುವುದೂ ಅಲ್ಲೇ. ಬಟ್ಟಲಿಗೆ ಬಿದ್ದ ಹೆಚ್ಚುವರಿ ಆಹಾರ ಮಾಡಿದ ಕೆಡುಕನ್ನು ರಕ್ತದ ಲೆಕ್ಕಕ್ಕೆ ಬರೆದು ಒಳ್ಳೆಯ ನಾಯಿಯನ್ನು ಕೈಬಿಡುತ್ತೇವೆ. ಇಲ್ಲವೇ ಹದವಾದ ಮೈ ಮರೆಮಾಚಿದ ದೋಷವನ್ನು ಕಾಣದೆ ಮುಂದಿನ ತಲೆಮಾರಿಗೆ ದಾಟಿಸುತ್ತೇವೆ.

ಆಹಾರ ಎಷ್ಟು ವ್ಯತ್ಯಾಸ ಮಾಡುತ್ತದೆ

ಇದಕ್ಕೆ ನಾಯಿ ಆಹಾರ ತಯಾರಿಸುವ ಪ್ಯುರಿನಾ ಕಂಪನಿ ನಡೆಸಿ 2002ರಲ್ಲಿ ಪ್ರಕಟವಾದ ಅಧ್ಯಯನಕ್ಕಿಂತ ನೇರವಾದ ಪುರಾವೆ ಇಲ್ಲ. 7 ಸೂಲುಗಳ 48 ಲ್ಯಾಬ್ರಡಾರ್ ಮರಿಗಳು. ಒಂದೇ ಸೂಲಿನ, ಒಂದೇ ಲಿಂಗದ, ಹೆಚ್ಚುಕಡಿಮೆ ಒಂದೇ ತೂಕದ ಎರಡೆರಡು ಮರಿಗಳನ್ನು ಜೋಡಿ ಮಾಡಿ, 8 ವಾರದಿಂದಲೇ ಒಂದಕ್ಕೆ ಜೊತೆಯದು ತಿಂದದ್ದಕ್ಕಿಂತ ಶೇ. 25 ಕಡಿಮೆ ಹಾಕಿದರು. ಆಹಾರ ಅದೇ, ಅಳತೆ ಮಾತ್ರ ಬೇರೆ. ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯಸ್ಸು (ವಯಸ್ಸಿನ ಸಾಲಿನಲ್ಲಿ ನಿಲ್ಲಿಸಿದರೆ ಸರಿಯಾಗಿ ಮಧ್ಯಕ್ಕೆ ಬರುವುದು) 11.2 ವರ್ಷ, ಕಡಿಮೆ ತಿಂದ ಗುಂಪಿನದು 13.0. ಸಂಧಿವಾತಕ್ಕೆ ಚಿಕಿತ್ಸೆ ಬೇಕಾದ ವಯಸ್ಸು ಮೊದಲ ಗುಂಪಿನಲ್ಲಿ 10.3, ಎರಡನೆಯದರಲ್ಲಿ 13.3. ಒಡಹುಟ್ಟುಗಳೇ ಆದದ್ದರಿಂದ ರಕ್ತದ ವ್ಯತ್ಯಾಸವನ್ನು ಆದಷ್ಟು ತೆಗೆದುಹಾಕಿ ನೋಡಿದ ಲೆಕ್ಕ ಇದು.

ಸುಮಾರು ಎರಡು ವರ್ಷದ ಅಂತರ ಬರೀ ಬಟ್ಟಲಿನಿಂದ. ಹಾಗಿರುವಾಗ ಒಬ್ಬರ ಮನೆಯ ದಪ್ಪ ನಾಯಿ 11ಕ್ಕೆ ಹೋಯಿತು, ಇನ್ನೊಬ್ಬರ ತೆಳ್ಳಗಿನ ನಾಯಿ 13ಕ್ಕೆ ಹೋಯಿತು ಎಂದ ಮಾತ್ರಕ್ಕೆ ಎರಡನೆಯ ವಂಶ ಮೇಲು ಎನ್ನಲಾಗದು. ಸೊಂಟದ ಕೀಲಿನ ದೋಷದಲ್ಲೂ, ಅಂದರೆ ಹಿಪ್ ಡಿಸ್‌ಪ್ಲೇಸಿಯಾದಲ್ಲೂ ಇದೇ ಕಥೆ. ಕೀಲು ಸಡಿಲವಾಗುವ ಒಲವು ವಂಶದಿಂದ ಬರುತ್ತದೆ. ಆ ಒಲವು ಎಕ್ಸ್‌ರೇಯಲ್ಲಿ ಎಷ್ಟು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಬೆಳೆಯುವ ವಯಸ್ಸಿನ ತೂಕ ಬಹಳಷ್ಟು ತೀರ್ಮಾನಿಸುತ್ತದೆ. ಆದ್ದರಿಂದ ಒಂದು ಸೂಲಿನ ಹಿಪ್ ಫಲಿತಾಂಶ ಹೋಲಿಸುವಾಗ ಪ್ರತಿ ಮರಿಯ ಆಗಿನ ತೂಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಹದವಾದ ಮೈ ಎಂದರೇನು ಎಂದು ತಿಳಿಯಲು ತಕ್ಕಡಿಗಿಂತ ಕೈ ಮೇಲು. ಒಂದು ಕೈಯನ್ನು ಮುಷ್ಟಿ ಕಟ್ಟಿ, ಇನ್ನೊಂದು ಕೈಯ ಬೆರಳಿನಿಂದ ಗೆಣ್ಣುಗಳ ಮೇಲೆ ಸವರಿ. ನಾಯಿಯ ಪಕ್ಕೆಲುಬು ಹಾಗೆ ಸಿಕ್ಕರೆ ಅದು ಬಡಕಲಾಗಿದೆ. ಮುಷ್ಟಿ ಬಿಚ್ಚಿ, ಅಂಗೈ ಕೆಳಗೆ ಮಾಡಿ, ಹೊರಗೈಯನ್ನು ಬೆರಳುಗಳ ಬುಡದ ಹತ್ತಿರ ಸವರಿ: ಪಕ್ಕೆಲುಬು ಹೀಗೆ ಸಿಗಬೇಕು. ಅಂಗೈಯ ಮೆತ್ತನೆ ಭಾಗದ ಹಾಗೆ ಒತ್ತಿ ಹುಡುಕಬೇಕಾದರೆ ಕೊಬ್ಬು ಕೂಡಿದೆ. 9 ಅಂಕದ ದೇಹಸ್ಥಿತಿ ಪಟ್ಟಿಯಲ್ಲಿ (1 ತೀರಾ ಬಡಕಲು, 9 ತೀರಾ ಬೊಜ್ಜು) ಹದವಾದ ಮೈ ಎಂದರೆ 4ರಿಂದ 5. ಪ್ರದರ್ಶನಕ್ಕೆ ಹೋಗುವ ನಾಯಿಗಳಲ್ಲಿ 6, 7 ಇದ್ದರೂ "ಮೈ ತುಂಬಿದೆ" ಎಂದು ಮೆಚ್ಚುವವರಿದ್ದಾರೆ. ಆ ಮೆಚ್ಚುಗೆಯ ಬೆಲೆ ತೆರುವುದು ನಾಯಿಯ ಕೀಲುಗಳು.

ಅಳತೆ ಶುರುಮಾಡಲು ಸಾದಾ ಕ್ಯಾಲ್ಕ್ಯುಲೇಟರ್ ಸಾಕು. ತೂಕವನ್ನು ಕಿಲೋದಲ್ಲಿ ಹಿಡಿದು ಎರಡು ಸಲ ಅದರಿಂದಲೇ ಗುಣಿಸಿ (30 × 30 × 30 = 27000), ಬಂದದ್ದಕ್ಕೆ ಎರಡು ಸಲ ವರ್ಗಮೂಲ ಒತ್ತಿ (164.3, ಆಮೇಲೆ 12.8), ಅದನ್ನು 70ರಿಂದ ಗುಣಿಸಿ. 30 ಕಿಲೋ ನಾಯಿಗೆ ಸುಮಾರು 897 ಕಿಲೋಕ್ಯಾಲರಿ; ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಸಂತಾನಶಕ್ತಿ ಉಳಿಸಿಕೊಂಡ ವಯಸ್ಕ ನಾಯಿಗೆ ಅದರ 1.8 ಪಟ್ಟು, ಸಂತಾನಹರಣ ಶಸ್ತ್ರಚಿಕಿತ್ಸೆ ಆದದ್ದಕ್ಕೆ 1.6 ಪಟ್ಟು, 4 ತಿಂಗಳ ಒಳಗಿನ ಮರಿಗೆ 3 ಪಟ್ಟು, ಅಲ್ಲಿಂದ ಬೆಳವಣಿಗೆ ಮುಗಿಯುವವರೆಗೆ 2 ಪಟ್ಟು. ಕಿಲೋಗೆ 3600 ಕಿಲೋಕ್ಯಾಲರಿ ಇರುವ ಒಣ ಆಹಾರವಾದರೆ ನಮ್ಮ 30 ಕಿಲೋ ಗಂಡಿಗೆ ದಿನಕ್ಕೆ 450 ಗ್ರಾಂ ಆಸುಪಾಸು. ಇದು ಆರಂಭದ ಅಂದಾಜು ಅಷ್ಟೇ. ಎರಡು ವಾರಕ್ಕೊಮ್ಮೆ ಪಕ್ಕೆ ಮುಟ್ಟಿ ನೋಡಿ, ಬೇಕಿದ್ದರೆ ಶೇ. 10 ಇಳಿಸಿ ಅಥವಾ ಏರಿಸಿ. ಲೋಟದಲ್ಲಿ ಅಳೆದರೆ ದಿನದಿಂದ ದಿನಕ್ಕೆ ವ್ಯತ್ಯಾಸ ಬರುತ್ತದೆ, ತೂಕ ಮಾಡಿಯೇ ಹಾಕಿ.

ಸತ್ತವುಗಳ ಸರಾಸರಿ ಎಂಬ ಬಲೆ

ವಂಶದ ಆಯಸ್ಸು ಲೆಕ್ಕ ಹಾಕುವಾಗ ಹೊಸಬರೆಲ್ಲ ಬೀಳುವ ಗುಂಡಿ ಇದು. 11 ವರ್ಷದ ಹಿಂದೆ ಹುಟ್ಟಿದ 8 ಮರಿಗಳ ಒಂದು ಸೂಲು ಎಂದುಕೊಳ್ಳಿ. ಮೂರು ಸತ್ತಿವೆ: 5, 7 ಮತ್ತು 8ನೇ ವಯಸ್ಸಿನಲ್ಲಿ. ಐದು ಇನ್ನೂ ಬದುಕಿವೆ. ಸತ್ತವುಗಳ ಸರಾಸರಿ ತೆಗೆದರೆ 6.7 ವರ್ಷ, ಭಯ ಹುಟ್ಟಿಸುವ ಸಂಖ್ಯೆ. ನಿಜದಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳು 11 ದಾಟಿವೆ, ಅಂದರೆ ಮಧ್ಯಾಂಕ 11ಕ್ಕಿಂತ ಮೇಲೆ. ಬದುಕಿರುವವನ್ನು ಲೆಕ್ಕದಿಂದ ಬಿಡುವುದೆಂದರೆ ಚೆನ್ನಾಗಿ ಬಾಳಿದ್ದಕ್ಕೆ ಅವನ್ನೇ ಶಿಕ್ಷಿಸಿದ ಹಾಗೆ. ಅವನ್ನು "11+" ಎಂದೇ ಬರೆದು, ಎಲ್ಲವನ್ನೂ ವಯಸ್ಸಿನ ಸಾಲಿನಲ್ಲಿ ನಿಲ್ಲಿಸಿ ಮಧ್ಯದ್ದನ್ನು ನೋಡಿ.

ಇದರ ತದ್ವಿರುದ್ಧ ತಪ್ಪೂ ಇದೆ: 15 ವರ್ಷ ಬಾಳಿದ ಒಂದು ಅಜ್ಜಿಯನ್ನು ಹಿಡಿದು ವಂಶವನ್ನೇ ಹೊಗಳುವುದು. ಪೆಡಿಗ್ರಿ ಹಾಳೆ, ಅಂದರೆ ವಂಶವೃಕ್ಷದ ಪಟ್ಟಿ, ತೋರಿಸುವುದು ಅಪ್ಪ, ಅಮ್ಮ, ಅಜ್ಜ, ಅಜ್ಜಿಯರನ್ನು ಮಾತ್ರ. ಚಿಕ್ಕಪ್ಪ, ಚಿಕ್ಕಮ್ಮಂದಿರು ಅದರಲ್ಲಿ ಇರುವುದಿಲ್ಲ. ಆದರೆ ಒಂದು ನಾಯಿ ಯಾವ ವಂಶವಾಹಿಗಳನ್ನು ಹೊತ್ತಿದೆ ಎಂಬುದರ ಸುಳಿವು ಹೆಚ್ಚು ಸಿಗುವುದು ಅದರ ಒಡಹುಟ್ಟುಗಳಲ್ಲೂ ಅಪ್ಪ ಅಮ್ಮಂದಿರ ಒಡಹುಟ್ಟುಗಳಲ್ಲೂ. ಪೆಡಿಗ್ರಿಯನ್ನು ಮೇಲಕ್ಕೆ ಓದಿದಷ್ಟೇ ಅಡ್ಡಕ್ಕೂ ಓದಿ.

ಹೋಲಿಕೆ ಯಾವಾಗಲೂ ತಳಿಯೊಳಗೇ ಇರಲಿ. ದೊಡ್ಡ ಮೈಯ ತಳಿಗಳು ಬೇಗ ಮುದಿಯಾಗುತ್ತವೆ. ಹತ್ತು ವರ್ಷ ಬಾಳಿದ ಗ್ರೇಟ್ ಡೇನ್ ಚೆನ್ನಾಗಿಯೇ ಬಾಳಿತು, ಹತ್ತಕ್ಕೇ ಹೋದ ಸಣ್ಣ ಟೆರಿಯರ್ ಬಗ್ಗೆ ಯಾಕೆ ಎಂದು ವಿಚಾರಿಸಬೇಕು.

ಒಳಸಂಬಂಧದ ಲೆಕ್ಕ

ಒಳಸಂಬಂಧದ ಗುಣಾಂಕವನ್ನು (ಸಿಒಐ) 1922ರಲ್ಲಿ ಸೂತ್ರಕ್ಕೆ ತಂದವರು ಸೀವಾಲ್ ರೈಟ್. ಒಂದು ವಂಶವಾಹಿಯ ಎರಡೂ ಪ್ರತಿಗಳು ಒಬ್ಬ ಪೂರ್ವಜನಿಂದಲೇ ಬಂದಿರುವ ಸಂಭವ ಎಷ್ಟು ಎಂಬುದೇ ಅದರ ಅರ್ಥ. ಅಪ್ಪ ಅಮ್ಮ ಇಬ್ಬರ ವಂಶದಲ್ಲೂ ಬರುವ ಸಾಮಾನ್ಯ ಪೂರ್ವಜನಿಂದ ಅಪ್ಪನವರೆಗೆ ಎಷ್ಟು ಮೆಟ್ಟಿಲು, ಅಮ್ಮನವರೆಗೆ ಎಷ್ಟು ಮೆಟ್ಟಿಲು ಎಂದು ಎಣಿಸಿ, ಅವನ್ನು ಕೂಡಿ ಒಂದು ಸೇರಿಸಿ, ಅಷ್ಟು ಸಲ ಅರ್ಧ ಮಾಡಿ. ಮಲ ಅಣ್ಣ ತಂಗಿಯರಾದರೆ ಇಬ್ಬರಿಗೂ ಅಪ್ಪ ಒಂದೇ ಮೆಟ್ಟಿಲು ದೂರ: 1 + 1 + 1 = 3, ಮೂರು ಸಲ ಅರ್ಧ ಮಾಡಿದರೆ ಶೇ. 12.5. ಒಬ್ಬರಿಗಿಂತ ಹೆಚ್ಚು ಸಾಮಾನ್ಯ ಪೂರ್ವಜರಿದ್ದರೆ ಒಬ್ಬೊಬ್ಬರದನ್ನೂ ಬೇರೆ ಬೇರೆ ತೆಗೆದು ಕೂಡಬೇಕು. ಅಪ್ಪ ಮಗಳು, ಸ್ವಂತ ಅಣ್ಣ ತಂಗಿ: ಶೇ. 25. ಅಜ್ಜ ಮೊಮ್ಮಗಳು: ಶೇ. 12.5. ಅಣ್ಣತಮ್ಮಂದಿರ ಮಕ್ಕಳು: ಶೇ. 6.25. ಆ ಸಾಮಾನ್ಯ ಪೂರ್ವಜನೇ ಒಳಸಂಬಂಧದಿಂದ ಹುಟ್ಟಿದ್ದರೆ ಅವನ ಗುಣಾಂಕವೂ ಸೇರುತ್ತದೆ. ಶೇ. 25 ಇರುವ ಅಪ್ಪನಾದರೆ ಮಲ ಒಡಹುಟ್ಟುಗಳ 12.5 ಎಂಬುದು 15.6ಕ್ಕೆ ಏರುತ್ತದೆ.

ಮೂರು ತಲೆಮಾರಿನ ಹಾಳೆ ನೋಡಿ ಸಿಒಐ ಸೊನ್ನೆ ಎನ್ನುವವರನ್ನು ನಂಬಬೇಡಿ. ತಳಿ ಕಟ್ಟಿದ ಕೆಲವೇ ನಾಯಿಗಳು ಹತ್ತನೇ ತಲೆಮಾರಿನ ಹಿಂದೆ ಮತ್ತೆ ಮತ್ತೆ ಬಂದು ಕೂತಿರುತ್ತವೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ 227 ತಳಿಗಳ ಡಿಎನ್‌ಎ ನೋಡಿದಾಗ ಸರಾಸರಿ ಒಳಸಂಬಂಧ ಶೇ. 25ರ ಹತ್ತಿರ ಬಂತು. ಕಾಗದದ ಮೇಲೆ ಪರಕೀಯರಂತೆ ಕಾಣುವ ಜೋಡಿ ಎಷ್ಟೋ ತಳಿಗಳಲ್ಲಿ ಅಣ್ಣ ತಂಗಿಯಷ್ಟೇ ಹತ್ತಿರ.

ಚಾಂಪಿಯನ್ ಗಂಡೊಂದನ್ನೇ ಎಲ್ಲರೂ ಬಳಸುವುದು ಇದನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಪರಿಣಾಮಕಾರಿ ಸಂಖ್ಯೆಯ ಸೂತ್ರ ಸುಲಭ: ಗಂಡು, ಹೆಣ್ಣುಗಳ ಗುಣಲಬ್ಧಕ್ಕೆ 4ರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. 100 ಹೆಣ್ಣು, 5 ಗಂಡು ಇದ್ದರೆ 19. ಅಂದರೆ 105 ನಾಯಿಗಳ ಗುಂಪು 19 ನಾಯಿಗಳ ಗುಂಪಿನಂತೆ ವರ್ತಿಸುತ್ತದೆ. ಗಂಡುಗಳನ್ನು 20 ಮಾಡಿದರೆ ಸುಮಾರು 67. ಹೆಣ್ಣುಗಳ ಸಂಖ್ಯೆ ಏರಿಸಿ ಪ್ರಯೋಜನವಿಲ್ಲ, ಗಂಡುಗಳನ್ನು ಹರಡಬೇಕು.

ಪರೀಕ್ಷೆ ಹೇಳುವುದು, ಹೇಳದಿರುವುದು

ಡಿಎನ್‌ಎ ಪರೀಕ್ಷೆಯಲ್ಲಿ "ಕ್ಲಿಯರ್" ಎಂದು ಬಂದರೆ ಆ ಒಂದು ರೂಪಾಂತರಕ್ಕೆ ಕ್ಲಿಯರ್ ಎಂದಷ್ಟೇ. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ರೋಗಗಳಲ್ಲಿ ಕ್ಯಾರಿಯರ್ ನಾಯಿಯನ್ನು (ಒಂದು ಪ್ರತಿ ಮಾತ್ರ ಕೆಟ್ಟದ್ದು) ಕ್ಲಿಯರ್ ನಾಯಿಗೆ (ಎರಡೂ ಪ್ರತಿ ಒಳ್ಳೆಯದು) ಕೊಟ್ಟರೆ ಒಂದು ಮರಿಗೂ ರೋಗ ಬರುವುದಿಲ್ಲ, ಸುಮಾರು ಅರ್ಧ ಮರಿಗಳು ಕ್ಯಾರಿಯರ್ ಆಗುತ್ತವೆ. ಎರಡು ಕ್ಯಾರಿಯರ್‌ಗಳನ್ನು ಕೂಡಿಸಿದರೆ ಮಾತ್ರ ನಾಲ್ಕರಲ್ಲೊಂದಕ್ಕೆ ರೋಗ. ಹಾಗಾಗಿ ಕ್ಯಾರಿಯರ್ ಎಂದ ಕೂಡಲೇ ಸಂತಾನದಿಂದ ಹೊರಗಿಡುವುದು ಅವಸರದ ಕೆಲಸ. ಅದರ ಜೊತೆ ಬೇರೆಲ್ಲ ಒಳ್ಳೆಯ ವಂಶವಾಹಿಗಳನ್ನೂ ಬಿಸಾಡಿ, ಮುಂದಿನ ರೋಗಕ್ಕೆ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಕ್ಲಿಯರ್ ಜೋಡಿ ಕೊಡಿ, ಮರಿಗಳನ್ನು ಪರೀಕ್ಷಿಸಿ, ಕ್ಲಿಯರ್ ಮರಿಯೊಂದರಿಂದ ಮುಂದುವರಿಯಿರಿ.

ತಳಿಯೊಳಗೆ ಒಳ್ಳೆಯ ಪ್ರತಿಯೇ ಉಳಿದಿಲ್ಲದಿದ್ದರೆ ಎಷ್ಟು ಆಯ್ಕೆ ಮಾಡಿದರೂ ಫಲವಿಲ್ಲ. ಡಾಲ್ಮೇಷಿಯನ್ ಅದಕ್ಕೆ ಉದಾಹರಣೆ. ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕಲ್ಲು ಕಟ್ಟುವ ದೋಷ ಆ ಇಡೀ ತಳಿಯಲ್ಲಿ ನೆಲೆಯೂರಿತ್ತು. 1973ರಲ್ಲಿ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಪಾಯಿಂಟರ್ ಜೊತೆ ಕ್ರಾಸ್ ಮಾಡಿಸಿ, ಅಲ್ಲಿಂದ ತಲೆಮಾರು ತಲೆಮಾರಿಗೆ ಡಾಲ್ಮೇಷಿಯನ್‌ಗೇ ಮರಳಿ ಕೂಡಿಸುತ್ತ ಬಂದರು. ಒಂದು ಹೊರಗಿನ ನಾಯಿ ತಂದ ಒಂದು ಒಳ್ಳೆಯ ಪ್ರತಿ ಸಾಕಾಯಿತು. ತಳಿ ನಾಯಿಗಳನ್ನು ನೋಂದಾಯಿಸುವ ಅಮೆರಿಕನ್ ಕೆನಲ್ ಕ್ಲಬ್ ಆ ಸಾಲನ್ನು ಒಪ್ಪಿಕೊಂಡದ್ದು 2011ರಲ್ಲಿ. ಜೀವಶಾಸ್ತ್ರಕ್ಕಿಂತ ಕಾಗದಕ್ಕೇ ಹೆಚ್ಚು ಕಾಲ ಹಿಡಿಯಿತು.

ತಡವಾಗಿ ಬರುವ ರೋಗಗಳೇ ಆಯಸ್ಸಿನ ನಿಜವಾದ ಶತ್ರುಗಳು, ಏಕೆಂದರೆ ರೋಗ ಕಾಣುವ ಹೊತ್ತಿಗೆ ನಾಯಿ ಮೂರು ಸೂಲು ಹಾಕಿ ಮುಗಿಸಿರುತ್ತದೆ. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್‌ನ ಹೃದಯದ ಮೈಟ್ರಲ್ ಕವಾಟದ ರೋಗಕ್ಕೆ ಇರುವ ನಿಯಮ ಇಲ್ಲಿ ಮಾದರಿ: ನಾಯಿಗೆ ಎರಡೂವರೆ ವರ್ಷ ತುಂಬಿ, ಹೃದಯದಲ್ಲಿ ಮರ್ಮರ (ಬಡಿತದ ನಡುವಿನ ಅಸಹಜ ಸದ್ದು) ಇರಬಾರದು, ಅದರ ಅಪ್ಪ ಅಮ್ಮನ ಹೃದಯ 5 ವರ್ಷದಲ್ಲೂ ಶುದ್ಧವಾಗಿರಬೇಕು. ಮಗನನ್ನು ನೋಡಲು ಕಾಯಲಾಗದಿದ್ದರೆ ಅಪ್ಪನನ್ನು ನೋಡು ಎಂಬ ಉಪಾಯ. ಹೆಣ್ಣಿಗೆ ವಯಸ್ಸಾದ ಮೇಲೆ ಮೊದಲ ಸೂಲು ಅಪಾಯ, ಆದ್ದರಿಂದ ಕಾಯುವ ಭಾರವೆಲ್ಲ ಗಂಡಿನ ಮೇಲೆ. 8, 9 ವರ್ಷದಲ್ಲೂ ಆರೋಗ್ಯವಾಗಿರುವ ಗಂಡನ್ನು ಬಳಸಿ, ಅಥವಾ ಎಳೆಯ ವಯಸ್ಸಿನಲ್ಲೇ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು, ಅದು ಹೇಗೆ ಬಾಳುತ್ತದೆಂದು ನೋಡಿ ತೆಗೆಯಿರಿ.

ಗಬ್ಬದ ಹೆಣ್ಣು, ಬೆಳೆಯುವ ಮರಿ, ಕ್ಯಾಲ್ಸಿಯಂ

ಗರ್ಭ ಸುಮಾರು 63 ದಿನ. ಮೊದಲ ಐದಾರು ವಾರ ಆಹಾರ ಏರಿಸುವುದು ಬೇಡ. ಕೊನೆಯ ಮೂರು ವಾರದಲ್ಲಿ ಮೆಲ್ಲಗೆ ಏರಿಸಿ, ಹೆರುವ ಹೊತ್ತಿಗೆ ಮಾಮೂಲಿಗಿಂತ ಶೇ. 25ರಿಂದ 50 ಹೆಚ್ಚು. ಹಾಲೂಡುವ ಮೂರು ನಾಲ್ಕನೇ ವಾರದಲ್ಲಿ ಮರಿಗಳ ಸಂಖ್ಯೆಗೆ ತಕ್ಕಂತೆ ಎರಡರಿಂದ ನಾಲ್ಕು ಪಟ್ಟು.

ಗಬ್ಬದಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಡುವ ಅಭ್ಯಾಸ ಕೇಡು. ಹೊರಗಿನಿಂದ ಧಾರಾಳ ಬಂದರೆ ರಕ್ತದ ಕ್ಯಾಲ್ಸಿಯಂ ಹದದಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿ ಸುಮ್ಮನಾಗುತ್ತದೆ. ಹಾಲಿಗೆಂದು ಏಕಾಏಕಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯಬೇಕಾದಾಗ ಅದು ಎಚ್ಚರಗೊಳ್ಳುವುದು ತಡ. ರಕ್ತದ ಕ್ಯಾಲ್ಸಿಯಂ ಕುಸಿದು ಎಕ್ಲಾಂಪ್ಸಿಯಾ ಬರುತ್ತದೆ: ಏದುಸಿರು, ಚಡಪಡಿಕೆ, ಕಾಲು ಸೆಟೆಯುವುದು, ನಡುಕ, ಜ್ವರ, ಕೊನೆಗೆ ಫಿಟ್ಸ್. ಸಣ್ಣ ತಳಿಯ, ಹೆಚ್ಚು ಮರಿ ಹಾಕಿದ ಹೆಣ್ಣಿಗೆ ಇದು ಹೆಚ್ಚು. ಮರಿಗಳನ್ನು ತಕ್ಷಣ ಬೇರೆ ಮಾಡಿ ವೈದ್ಯರ ಬಳಿ ಓಡಬೇಕು. ಅವರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಿಡುತ್ತಾರೆ. ಇದನ್ನೂ "ಈ ಲೈನ್‌ನ ಹೆಣ್ಣುಗಳು ಸೂಕ್ಷ್ಮ" ಎಂದು ರಕ್ತದ ಲೆಕ್ಕಕ್ಕೆ ಬರೆದುಬಿಡುವುದುಂಟು.

ದೊಡ್ಡ ತಳಿಯ ಮರಿಯಲ್ಲಿ ಕೆಡುಕು ಇನ್ನೊಂದು ದಿಕ್ಕಿನಿಂದ. ಎಳೆಯ ಮರಿಯ ಕರುಳು ಬೇಡದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಹಾಕಿದಷ್ಟೂ ಒಳಗೆ ಹೋಗುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಆಫ್ಕೊ ಇಂಥ ಮರಿಗಳ ಆಹಾರದಲ್ಲಿ ಒಣತೂಕದ ಶೇ. 1.8ನ್ನು ಮೇಲ್ಮಿತಿ ಎಂದಿಟ್ಟಿದೆ. ಶೇ. 1.2 ಕ್ಯಾಲ್ಸಿಯಂ ಇರುವ ಆಹಾರ ದಿನಕ್ಕೆ 400 ಗ್ರಾಂ ತಿನ್ನುವ ಮರಿಗೆ 4.8 ಗ್ರಾಂ ಸಿಗುತ್ತದೆ, ಸಾಕು. ಮೂಳೆ ಗಟ್ಟಿಯಾಗಲಿ ಎಂದು 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಉದುರಿಸಿದರೆ ಅದರಲ್ಲಿ 4 ಗ್ರಾಂ ಕ್ಯಾಲ್ಸಿಯಂ, ಒಟ್ಟು 8.8 ಗ್ರಾಂ, ಶೇ. 2.1 ದಾಟಿತು. ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಭುಜ, ಮೊಣಕೈಯಲ್ಲಿ ಕುಂಟು ಶುರುವಾಗುತ್ತದೆ. ಇನ್ನು ಬರೀ ಮಾಂಸ ಹಾಕಿ ಬೆಳೆಸುವವರದು ಇದರ ವಿರುದ್ಧ ತಪ್ಪು. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ನಾಮಮಾತ್ರ. ದೇಹ ಮೂಳೆಯನ್ನೇ ಕರಗಿಸಿ ಸರಿದೂಗಿಸುತ್ತದೆ, ಮೂಳೆ ಹಸಿ ಕಡ್ಡಿಯಂತೆ ಮಡಚಿ ಮುರಿಯುತ್ತದೆ.

ದಾಖಲೆ ಪುಸ್ತಕದಲ್ಲಿ

ಸೂಲಿನ ಪ್ರತಿ ಮರಿಗೂ ಒಂದು ಸಾಲು. ಹುಟ್ಟಿದ ತೂಕ, ಹತ್ತನೇ ದಿನದ ತೂಕ (ಅಷ್ಟರೊಳಗೆ ದುಪ್ಪಟ್ಟಾಗಿರಬೇಕು), ಒಂದು ವರ್ಷಕ್ಕೆ ದೇಹಸ್ಥಿತಿಯ ಅಂಕ, ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ಸಾಕಿದವರಿಗೆ ಒಂದು ಫೋನ್: ಬದುಕಿದೆಯೇ, ಅಂಕ ಎಷ್ಟು, ಔಷಧಿ ಏನಾದರೂ? ಮರಿ ಕೊಡುವಾಗಲೇ ಈ ಫೋನ್ ಬರುತ್ತದೆಂದು ಹೇಳಿಟ್ಟರೆ ಯಾರೂ ಬೇಸರಿಸುವುದಿಲ್ಲ. ಸತ್ತರೆ ವಯಸ್ಸು ಮತ್ತು ಕಾರಣ ಬೇರೆ ಬೇರೆ ಕಾಲಮ್ಮಿನಲ್ಲಿ. ವಾಹನಕ್ಕೆ ಸಿಕ್ಕಿ 3ಕ್ಕೆ ಸತ್ತದ್ದು "3+, ಅಪಘಾತ". ಅದು ವಂಶದ ಸೋಲಲ್ಲ. ಕಚ್ಚುವ ಸ್ವಭಾವಕ್ಕೆಂದು ದಯಾಮರಣ ಕೊಟ್ಟಿದ್ದರೆ ಬೇರೆಯೇ ಗುರುತು ಹಾಕಿ, ಸ್ವಭಾವವೂ ರಕ್ತದಲ್ಲಿ ಹರಿಯುತ್ತದೆ. "ವಯಸ್ಸಾಗಿತ್ತು, ಹೋಯಿತು" ಎಂಬುದನ್ನು ಮಾತ್ರ ಕಾರಣದ ಕಾಲಮ್ಮಿನಲ್ಲಿ ಬರೆಯಬೇಡಿ. ಗುಲ್ಮದ ಗಡ್ಡೆಯೋ, ಮೂತ್ರಪಿಂಡವೋ, ಹೃದಯವೋ ಎಂದು ವೈದ್ಯರನ್ನು ಕೇಳಿ. ಗೊತ್ತಾಗದಿದ್ದರೆ ಶವಪರೀಕ್ಷೆ ಮಾಡಿಸಬಹುದೇ ಎಂದು ಸಾಕಿದವರನ್ನು ಮೆತ್ತಗೆ ಕೇಳಿ. ಒಪ್ಪದಿದ್ದರೆ ಆ ಜಾಗ ಖಾಲಿ ಬಿಡಿ.