ಲ್ಯಾಬ್ ತಲುಪುವ ಮೊದಲೇ ಕೆಡುವ ಸಾಕ್ಷ್ಯ

1897ರಲ್ಲಿ ಬಂಗಾಳದ ಜಲಪಾಯಿಗುರಿ ಜಿಲ್ಲೆಯಲ್ಲಿ ಟೀ ತೋಟದ ಮ್ಯಾನೇಜರ್ ಒಬ್ಬನ ಕೊಲೆಯಾಯಿತು. ಕತ್ತು ಕೊಯ್ದಿದ್ದರು, ಹಣ ಹೋಗಿತ್ತು. ಪೊಲೀಸರ ಅನುಮಾನ ಹಲವರ ಮೇಲಿತ್ತು. ಆದರೆ ಸತ್ತವನ ಸಾಮಾನಿನ ನಡುವೆ ಒಂದು ಬಂಗಾಳಿ ಪಂಚಾಂಗ ಸಿಕ್ಕಿತು. ಅದರ ಹೊದಿಕೆಯ ಮೇಲೆ ಕಂದು ಬಣ್ಣದ ಕಲೆ, ಕಲೆಯಲ್ಲಿ ಹೆಬ್ಬೆರಳಿನ ಗುರುತು. ಕಲ್ಕತ್ತದಲ್ಲಿ ಬೆರಳಚ್ಚು ಬ್ಯೂರೊ ಶುರುವಾದದ್ದು ಅದೇ ವರ್ಷ. ಅಲ್ಲಿನ ಕಡತದಲ್ಲಿ ಹುಡುಕಿದಾಗ ಆ ಗುರುತು ಒಬ್ಬ ಹಳೆಯ ನೌಕರನ ಬಲ ಹೆಬ್ಬೆರಳಿಗೆ ಹೊಂದಿತು. ಅವನಿಗೆ ಹಿಂದೆ ಕಳ್ಳತನದ ಕೇಸಿನಲ್ಲಿ ಶಿಕ್ಷೆಯಾಗಿತ್ತು.

1898ರಲ್ಲಿ ತೀರ್ಪು ಬಂತು. ಕಳ್ಳತನಕ್ಕೆ ಶಿಕ್ಷೆಯಾಯಿತು, ಕೊಲೆ ಆರೋಪ ನಿಲ್ಲಲಿಲ್ಲ. ಬೆರಳಚ್ಚಿನಿಂದ ಅವನು ಆ ಮನೆಯೊಳಗೆ ಹೋಗಿದ್ದ ಅಂತ ಗೊತ್ತಾಗುತ್ತದೆ, ಕತ್ತು ಕೊಯ್ದವನು ಅವನೇ ಅಂತ ಹೇಗೆ ಹೇಳುವುದು? ನನಗಂತೂ ಆ ಕೋರ್ಟಿನ ಎಚ್ಚರ ಸರಿ ಅನ್ನಿಸುತ್ತದೆ. ಆ ಬೆರಳಚ್ಚು ಪದ್ಧತಿಗೆ ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರು ಬಿತ್ತು. ಅದರ ಲೆಕ್ಕಾಚಾರದಲ್ಲಿ ಹೆಚ್ಚು ದುಡಿದವರು ಅವನ ಕೈಕೆಳಗಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್.

ಅಂದರೆ ವಿಜ್ಞಾನ ನಮ್ಮಲ್ಲಿಗೆ ತಡವಾಗಿ ಬಂದದ್ದೇನಲ್ಲ. ಕೃತ್ಯ ನಡೆದ ಜಾಗವನ್ನು ಹೇಗೆ ನೋಡಬೇಕು ಅಂತ ಆಸ್ಟ್ರಿಯಾದ ಹಾನ್ಸ್ ಗ್ರಾಸ್ 1893ರಲ್ಲಿ ಕೈಪಿಡಿ ಬರೆದಿದ್ದ. ಅದನ್ನು ಇಲ್ಲಿನ ಪದ್ಧತಿಗೆ ಹೊಂದಿಸಿದ ಇಂಗ್ಲಿಷ್ ಅನುವಾದ 1906ರಲ್ಲಿ ಅಚ್ಚಾದದ್ದು ಮದ್ರಾಸಿನಲ್ಲಿ! ಫ್ರಾನ್ಸಿನ ಲಿಯಾನ್‌ನಲ್ಲಿ ಎಡ್ಮಂಡ್ ಲೊಕಾರ್ಡ್ ತನ್ನ ಪ್ರಯೋಗಾಲಯ ತೆರೆದದ್ದು ಅದಾದ ಮೇಲೆ, 1910ರಲ್ಲಿ. ಬಂದು ಹೋದವನು ಏನಾದರೂ ಬಿಟ್ಟುಹೋಗುತ್ತಾನೆ, ಏನಾದರೂ ಅಂಟಿಸಿಕೊಂಡು ಹೋಗುತ್ತಾನೆ ಎಂಬ ಮಾತು ಅವನ ಹೆಸರಿನಲ್ಲೇ ಓಡಾಡುತ್ತದೆ.

ಆದರೆ ನಮ್ಮ ಕಾನೂನು ವಸ್ತುವಿಗಿಂತ ಸಹಿಯನ್ನು ಜಾಸ್ತಿ ನಂಬಿತು. ಬ್ರಿಟಿಷರಿಗೆ ತಾವೇ ಕಟ್ಟಿದ ಪೊಲೀಸರ ಮೇಲೆ ವಿಶ್ವಾಸ ಕಡಿಮೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನಡೆಯುವುದಿಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು. ಶೋಧ ಮಾಡುವಾಗ ಊರಿನ ಇಬ್ಬರು ಗೌರವಸ್ಥರು ಜೊತೆಗಿರಬೇಕು ಅಂತ 1898ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತು. 1973ರ ಸಂಹಿತೆ ಅದನ್ನೇ ಮುಂದುವರಿಸಿತು. ಈ ಸಾಕ್ಷಿಗಳಾದ ಪಂಚರು, ಅವರು ಸಹಿ ಹಾಕುವ ಮಹಜರು ನಮಗೆ ಇಷ್ಟು ಪರಿಚಿತವಾದದ್ದು ಹಾಗೆ.

ಉದ್ದೇಶ ಒಳ್ಳೆಯದೇ. ನಡೆದದ್ದು ಬೇರೆ. ಠಾಣೆಯ ಹತ್ತಿರದ ಟೀ ಅಂಗಡಿಯವನು, ಆಟೊದವನು ಕಾಯಂ ಪಂಚರಾದರು. ವರ್ಷಗಳಾದ ಮೇಲೆ ಕೋರ್ಟಿನಲ್ಲಿ ನಿಂತು 'ನಾನು ಆ ಜಾಗಕ್ಕೇ ಹೋಗಿಲ್ಲ ಸ್ವಾಮಿ, ಠಾಣೆಯಲ್ಲಿ ಸಹಿ ಹಾಕು ಅಂದ್ರು, ಹಾಕಿದೆ' ಅಂದರು. ಪಂಚ ತಿರುಗಿಬಿದ್ದರೆ ಅವನು ಸಹಿ ಹಾಕಿದ ಚಾಕುವೂ ಅಂಗಿಯೂ ಅನುಮಾನಕ್ಕೆ ಸಿಕ್ಕುತ್ತವೆ.

ಅಂಗಿಯ ವಿಷಯ ಸ್ವಲ್ಪ ಬಿಡಿಸಿ ನೋಡೋಣ. ರಕ್ತ ಹತ್ತಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಒಳಗೆ ತೇವ ಕೂತು ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಗಾಳಿಗೆ ಒಣಗಿಸಬೇಕು, ಬಿಸಿಲಿಗೆ ಹಾಕಬಾರದು. ಆಮೇಲೆ ಕಾಗದದ ಕವರಿನಲ್ಲಿ ಇಡಬೇಕು. ಆರೋಪಿಯ ಬಟ್ಟೆ, ಸತ್ತವರ ಬಟ್ಟೆ ಒಂದೇ ಕವರಿನಲ್ಲಿ ಸೇರಲೇಬಾರದು. ಒಂದರ ರಕ್ತ ಇನ್ನೊಂದಕ್ಕೆ ಹತ್ತಿದರೆ ಕೇಸೇ ಮುಗಿದಂತೆ. ಕೈಗವಸು ಪ್ರತಿ ಸಲ ಬದಲಾಯಿಸಬೇಕು. ಕವರಿನ ಮೇಲೆ ಅರಗಿನ ಮುದ್ರೆ, ಸಹಿ, ಕ್ರೈಂ ನಂಬರ್. ಅಲ್ಲಿಂದ ಅದು ಜಪ್ತಿಯಾದ ವಸ್ತು ಇಡುವ ಠಾಣೆಯ ಮುದ್ದೆಮಾಲು ಕೋಣೆಗೆ, ಅಲ್ಲಿಂದ ಪೇದೆಯ ಕೈಯಲ್ಲಿ ಲ್ಯಾಬಿಗೆ. ಪ್ರತಿ ಕೈಬದಲಿಗೂ ಲೆಕ್ಕ ಇರಬೇಕು. ನಡುವೆ ನಾಲ್ಕು ದಿನ ಎಲ್ಲಿತ್ತು ಅನ್ನುವುದಕ್ಕೆ ಉತ್ತರ ಇಲ್ಲದಿದ್ದರೆ ಲ್ಯಾಬಿನ ವರದಿ ಎಷ್ಟು ಚೆನ್ನಾಗಿದ್ದರೂ ಆರೋಪಿಯ ಪರ ವಕೀಲರಿಗೆ ಅಷ್ಟೇ ಸಾಕು.

2008ರ ಮೇ ತಿಂಗಳಲ್ಲಿ ನೊಯ್ಡಾದ ಜೋಡಿ ಕೊಲೆ ಈ ರೋಗವನ್ನು ದೇಶಕ್ಕೆಲ್ಲ ತೋರಿಸಿತು. 16ರ ಬೆಳಿಗ್ಗೆ ಮನೆಯಲ್ಲಿ ಹುಡುಗಿಯ ಶವ ಸಿಕ್ಕಿತು. ಮನೆಗೆಲಸದವನು ಕಾಣೆಯಾಗಿದ್ದ, ಹಾಗಾಗಿ ಅವನೇ ಕೊಲೆಗಾರ ಅಂತ ಪೊಲೀಸರು ತೀರ್ಮಾನಿಸಿದರು. ಮನೆಗೆ ಸೀಲ್ ಬೀಳಲಿಲ್ಲ. ನೆಂಟರು, ನೆರೆಯವರು, ಪತ್ರಕರ್ತರು ಸಾವಿನ ಮನೆಗೆ ಬರುವಂತೆ ಬಂದು ಹೋದರು. ತಾರಸಿಯ ಬಾಗಿಲಿಗೆ ಬೀಗ ಇತ್ತು, ಅದನ್ನು ಅವತ್ತು ಯಾರೂ ಒಡೆಯಲಿಲ್ಲ. ಮರುದಿನ ಒಡೆದಾಗ ಮೇಲೆ ಬಿದ್ದಿದ್ದದ್ದು ಅದೇ ಕೆಲಸದವನ ಶವ. 2013ರಲ್ಲಿ ಹುಡುಗಿಯ ತಂದೆತಾಯಿಗೆ ಶಿಕ್ಷೆಯಾಯಿತು, 2017ರಲ್ಲಿ ಅಲಹಾಬಾದ್ ಹೈಕೋರ್ಟ್ ಬಿಡುಗಡೆ ಮಾಡಿತು. ಮೊದಲ ದಿನ ಆ ಮನೆಯಲ್ಲಿ ಏನೇನು ತುಳಿದುಹೋಯಿತೋ, ಅದನ್ನು ಯಾವ ತನಿಖಾ ಸಂಸ್ಥೆಯೂ ವಾಪಸ್ ತರಲಾಗಲಿಲ್ಲ.

1973ರ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇಲ್ಲಿಯೇ ಕೈ ಹಾಕಿದೆ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಲೇಬೇಕು, ವಿಡಿಯೊ ಆಗಲೇಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಅವಕಾಶ ಇದೆ. ಶೋಧ, ಜಪ್ತಿಯನ್ನೂ ಚಿತ್ರೀಕರಿಸಬೇಕು, ಮೊಬೈಲ್ ಆದರೂ ಸರಿ. ಪಂಚರ ಸಹಿ ಹೋಗಿಲ್ಲ, ಜೊತೆಗೆ ಕ್ಯಾಮೆರಾ ಬಂದಿದೆ. ಕರ್ನಾಟಕ ಈ ಕಾನೂನು ಬರುವ ಮೊದಲೇ ಸ್ಥಳದ ಸಾಕ್ಷ್ಯ ಎತ್ತುವುದಕ್ಕೆಂದೇ 'ಸೊಕೊ' (ಸೀನ್ ಆಫ್ ಕ್ರೈಂ ಆಫೀಸರ್) ಅಧಿಕಾರಿಗಳನ್ನು ನೇಮಿಸಿಕೊಂಡಿತ್ತು. ಒಳ್ಳೆಯ ಕೆಲಸ. ಆದರೆ ರಾತ್ರಿ ಎರಡು ಗಂಟೆಗೆ ಹಳ್ಳಿಯ ತೋಟದ ಮನೆಗೆ ಮೊದಲು ಹೋಗುವವನು ಬೀಟ್ ಪೇದೆಯೇ ಅಲ್ವಾ? ಜನರನ್ನು ಹಿಂದೆ ಸರಿಸಿ ಟೇಪ್ ಕಟ್ಟುವುದನ್ನು ಅವನು ಮಾಡದಿದ್ದರೆ ತಜ್ಞರು ಬಂದು ನೋಡುವುದು ಏನನ್ನು?

ಲ್ಯಾಬಿನ ದಾರಿಯ ವಿಚಾರಕ್ಕೆ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಬಂತು. ತಮಿಳುನಾಡಿನ ತೇಣಿ ಜಿಲ್ಲೆಯಲ್ಲಿ 2011ರಲ್ಲಿ ಒಂದು ಜೋಡಿಯ ಕೊಲೆಯಾಗಿತ್ತು. ಆ ಕೇಸಿನಲ್ಲಿ ಮರಣದಂಡನೆಯಾಗಿದ್ದವನನ್ನು ಕೋರ್ಟ್ ಬಿಡುಗಡೆ ಮಾಡಿತು. ಡಿಎನ್‌ಎ ಮಾದರಿಗಳು ಎಲ್ಲಿದ್ದವು, ಯಾಕೆ ತಡವಾಯಿತು ಎಂಬುದಕ್ಕೆ ಸರಿಯಾದ ಲೆಕ್ಕ ಸಿಗದೇ ಹೋದದ್ದೂ ಒಂದು ಕಾರಣ. ಇನ್ನು ಮುಂದೆ ಮಾದರಿ 48 ಗಂಟೆಯೊಳಗೆ ಲ್ಯಾಬ್ ಸೇರಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ರಿಜಿಸ್ಟರ್ ಇರಬೇಕು ಅಂತ ದೇಶದ ಎಲ್ಲ ಪೊಲೀಸರಿಗೂ ಹೇಳಿತು. ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು. ಪೇದೆಯನ್ನು ಬಂದೋಬಸ್ತಿಗೆ ಕಳಿಸಿದ್ದೆವು ಅಂತ ಬರೆದರೆ ಕೋರ್ಟ್ ಒಪ್ಪುತ್ತದೋ ಇಲ್ಲವೋ, ಮುಂದಿನ ಕೇಸುಗಳಲ್ಲಿ ಗೊತ್ತಾಗಬೇಕು.