ಕೆಟರಿಂಗ್ ಹುಡುಗರು ಕೇಳಿಸಿಕೊಂಡ ಗುಟ್ಟು

ರಷ್ಯಾದ ಉತ್ತರದಲ್ಲಿ, ಅರ್ಖಾಂಗೆಲ್ಸ್ಕ್ ಪ್ರಾಂತದ ದಟ್ಟ ಕಾಡುಗಳ ನಡುವೆ, ಪ್ಲೆಸೆಟ್ಸ್ಕ್ ಎಂಬ ಊರಿನ ಹತ್ತಿರ ಒಂದು ರಾಕೆಟ್ ಉಡಾವಣಾ ನೆಲೆಯಿದೆ. 1966ರ ಮಾರ್ಚ್ 17ರಂದು ಅಲ್ಲಿಂದ ಮೊದಲ ಉಪಗ್ರಹ ಕಕ್ಷೆಗೆ ಏರಿದಾಗ, ಅಂಥದೊಂದು ನೆಲೆ ಇದೆಯೆಂಬುದನ್ನೇ ಸೋವಿಯತ್ ಒಕ್ಕೂಟ ಹೇಳಲಿಲ್ಲ. ಅಧಿಕೃತವಾಗಿ ಒಪ್ಪಿಕೊಂಡದ್ದು 1983ರಲ್ಲಿ. ಅಮೆರಿಕದ ಗುಪ್ತಚರರಿಗೆ ಆ ಜಾಗದ ಮೇಲೆ ಬಹಳ ಮೊದಲೇ ಕಣ್ಣಿತ್ತು. 1960ರ ಮೇ 1ರಂದು ಸೋವಿಯತ್ ಸೇನೆ ಹೊಡೆದುರುಳಿಸಿದ ಯು-2 ಬೇಹು ವಿಮಾನ ಹಾದುಹೋಗಬೇಕಿದ್ದ ಸ್ಥಳಗಳಲ್ಲಿ ಪ್ಲೆಸೆಟ್ಸ್ಕ್ ಕೂಡ ಒಂದಾಗಿತ್ತು. ಆದರೆ ಅವರೂ ಬಾಯಿ ಬಿಟ್ಟಿರಲಿಲ್ಲ. ಹೀಗೆ ಒಬ್ಬರು ಮುಚ್ಚಿಟ್ಟು ಇನ್ನೊಬ್ಬರು ನುಂಗಿಕೊಂಡಿದ್ದ ಗುಟ್ಟನ್ನು 1966ರ ಕೊನೆಯಲ್ಲಿ ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಕೆಟರಿಂಗ್ ಪಟ್ಟಣದ ಶಾಲಾ ಹುಡುಗರು ಮತ್ತು ಅವರ ಮೇಷ್ಟ್ರು.

ಮೇಷ್ಟ್ರ ಹೆಸರು ಜೆಫ್ರಿ ಪೆರಿ. ಕೆಟರಿಂಗ್ ಗ್ರಾಮರ್ ಸ್ಕೂಲಿನಲ್ಲಿ ಭೌತವಿಜ್ಞಾನದ ಅಧ್ಯಾಪಕರು. ಅದೇ ಶಾಲೆಯಲ್ಲಿ ರಸಾಯನವಿಜ್ಞಾನ ಕಲಿಸುತ್ತಿದ್ದ ಡೆರೆಕ್ ಸ್ಲೇಟರ್ ಅವರಿಗೆ ಹವ್ಯಾಸಿ ರೇಡಿಯೊದ ಗೀಳಿತ್ತು. ಇಬ್ಬರೂ ಸೇರಿ 1960ರಿಂದ ಸೋವಿಯತ್ ಉಪಗ್ರಹಗಳ ಸಂಕೇತಗಳನ್ನು ಶಾಲೆಯ ಸಾಧಾರಣ ಶಾರ್ಟ್‌ವೇವ್ ರೇಡಿಯೊದಲ್ಲಿ ಹಿಡಿಯತೊಡಗಿದರು. ಗೂಢಚರ್ಯೆ ಅವರ ಉದ್ದೇಶವಾಗಿರಲಿಲ್ಲ. ಡಾಪ್ಲರ್ ಪರಿಣಾಮವೆಂಬ ಪಾಠವನ್ನು ಹುಡುಗರ ಕಿವಿಗೇ ಕೇಳಿಸಬೇಕೆಂಬುದಷ್ಟೇ ಆಗಿತ್ತು.

ಆ ಪಾಠ ನಮಗೆಲ್ಲ ಪರಿಚಿತ. ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಎದುರಿನಿಂದ ನಿಲ್ಲದೆ ಹೋಗುವ ರೈಲು ಸಮೀಪಿಸುವಾಗ ಅದರ ಸೀಟಿ ಏರುದನಿಯಲ್ಲಿರುತ್ತದೆ; ದಾಟಿದ ಕ್ಷಣದಲ್ಲಿ ದನಿ ಇಳಿಯುತ್ತದೆ. ಉಪಗ್ರಹದ ರೇಡಿಯೊ ಸಂಕೇತಕ್ಕೂ ಇದೇ ನಿಯಮ. ಸೋವಿಯತ್ ಕಾಸ್ಮೊಸ್ ಸರಣಿಯ ಹಲವು ಉಪಗ್ರಹಗಳು ಸುಮಾರು 20 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಸಂಕೇತ ಕಳಿಸುತ್ತಿದ್ದವು. ಸೆಕೆಂಡಿಗೆ 7.8 ಕಿಲೋಮೀಟರ್ ವೇಗದಲ್ಲಿ ಉಪಗ್ರಹ ನಮ್ಮತ್ತ ಬರುವಾಗ ಆ ಕಂಪನಾಂಕ ಸುಮಾರು 500 ಹರ್ಟ್ಸ್‌ನಷ್ಟು ಹೆಚ್ಚಾಗಿಯೂ, ದೂರ ಸರಿಯುವಾಗ ಅಷ್ಟೇ ಕಡಿಮೆಯಾಗಿಯೂ ಕೇಳುತ್ತದೆ. ಎರಡು ಕೋಟಿಯಲ್ಲಿ ಐನೂರು ಎಂದರೆ ಲೆಕ್ಕಕ್ಕೆ ಬಾರದ್ದು ಎನ್ನಿಸಬಹುದು. ಆದರೆ ರೇಡಿಯೊ ಈ ಸಂಕೇತವನ್ನು ತನ್ನೊಳಗಿನ ಇನ್ನೊಂದು ಸ್ಥಿರ ಕಂಪನದೊಡನೆ ಬೆರೆಸಿ, ಅವೆರಡರ ವ್ಯತ್ಯಾಸವನ್ನು ಮಾತ್ರ ಸ್ಪೀಕರಿಗೆ ಕೊಡುವಂತೆ ಮಾಡಿದರೆ, ಕಿವಿಗೆ ಬೀಳುವುದು 1500 ಹರ್ಟ್ಸ್‌ನಿಂದ 500 ಹರ್ಟ್ಸ್‌ಗೆ ಜಾರುವ ಒಂದು ಸಿಳ್ಳೆ. ಸಂಗೀತದ ಮಾತಿನಲ್ಲಿ ಹೇಳುವುದಾದರೆ ಒಂದೂವರೆ ಸ್ಥಾಯಿಗೂ ಮಿಕ್ಕ ಇಳಿಜಾರು. ಶ್ರುತಿಜ್ಞಾನ ಇಲ್ಲದವರಿಗೂ ಗೊತ್ತಾಗುತ್ತದೆ.

ಈ ಇಳಿಜಾರಿನ ಆಕಾರದಲ್ಲಿ ಬಹಳಷ್ಟು ಸುದ್ದಿ ಅಡಗಿದೆ. ದನಿ ಅತಿ ವೇಗವಾಗಿ ಇಳಿಯುವ ಗಳಿಗೆಯೇ ಉಪಗ್ರಹ ನಮಗೆ ಅತಿ ಸಮೀಪದಲ್ಲಿರುವ ಗಳಿಗೆ. ಥಟ್ಟನೆ ಇಳಿದರೆ ಅದು ಹೆಚ್ಚುಕಡಿಮೆ ನೆತ್ತಿಯ ಮೇಲೆ ಹೋಯಿತೆಂದೂ, ನಿಧಾನವಾಗಿ ಇಳಿದರೆ ದೂರದಲ್ಲೆಲ್ಲೋ ಹಾದುಹೋಯಿತೆಂದೂ ಅರ್ಥ. ಆ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು, ಮುಂದಿನ ಸುತ್ತಿಗೆ ಕಾಯುವುದು, ಮತ್ತೆ ಬರೆದಿಡುವುದು, ಗ್ರಾಫ್ ಹಾಳೆಯ ಮೇಲೆ ಗುರುತು ಹಾಕುವುದು: ಕೆಲಸ ಇಷ್ಟೇ. ಬೇಕಾದದ್ದು ತಾಳ್ಮೆ, ಅದೂ ವರ್ಷಗಟ್ಟಲೆ.

ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಭೂಮಿ ತನ್ನ ಅಕ್ಷದ ಮೇಲೆ 22 ಡಿಗ್ರಿಗಿಂತ ತುಸು ಹೆಚ್ಚು ಪೂರ್ವಕ್ಕೆ ತಿರುಗಿರುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಉಪಗ್ರಹದ ಕೆಳಗಿನ ನೆಲದ ದಾರಿ ಅಷ್ಟೇ ಪಶ್ಚಿಮಕ್ಕೆ ಸರಿಯುತ್ತದೆ. ಕಕ್ಷೆ ಸಮಭಾಜಕ ವೃತ್ತಕ್ಕೆ ಎಷ್ಟು ಓರೆಯಾಗಿದೆ ಎಂಬುದನ್ನು ಸೋವಿಯತ್ ಸುದ್ದಿಸಂಸ್ಥೆ ಟಾಸ್ ತಾನೇ ಪ್ರಕಟಿಸುತ್ತಿತ್ತು, ಎಲ್ಲಿಂದ ಹಾರಿಸಿದರೆಂಬುದನ್ನು ಮಾತ್ರ ಬಿಟ್ಟು. (ಕಜಾಕಿಸ್ತಾನದಲ್ಲಿದ್ದ ಸೋವಿಯತ್ ಉಡಾವಣಾ ನೆಲೆಯ ಬೈಕನೂರು ಎಂಬ ಪ್ರಸಿದ್ಧ ಹೆಸರಿನಲ್ಲೂ ಇಂಥದೇ ಆಟವಿತ್ತು. ನೆಲೆ ನಿಜವಾಗಿ ಇದ್ದದ್ದು ತ್ಯುರಾತಾಮ್ ಬಳಿ. ಬೈಕನೂರು ಎಂಬ ಮೂಲ ಊರು ಅಲ್ಲಿಂದ ಮುನ್ನೂರು ಕಿಲೋಮೀಟರಿಗೂ ಆಚೆ.) ಒಟ್ಟಿನಲ್ಲಿ ಓರೆಕೋನ ಗೊತ್ತಿದ್ದು, ಉಪಗ್ರಹ ಕೆಟರಿಂಗ್ ಬಳಿ ಹಾದುಹೋದ ವೇಳೆಗಳೂ ಗೊತ್ತಿದ್ದರೆ, ಲೆಕ್ಕವನ್ನು ಹಿಂದಕ್ಕೆ ಓಡಿಸಿ ಮೊದಲ ಸುತ್ತಿನ ದಾರಿಯನ್ನು ಭೂಪಟದ ಮೇಲೆ ಎಳೆಯಬಹುದು. ಉಡಾವಣಾ ನೆಲೆ ಆ ಗೆರೆಯ ಮೇಲೆಯೇ ಎಲ್ಲೋ ಇರಬೇಕು.

1966ರ ಮಾರ್ಚ್‌ನಲ್ಲಿ ಹಾರಿದ ಕಾಸ್ಮೊಸ್ 112ರ ಕಕ್ಷೆಯ ಓರೆ 72 ಡಿಗ್ರಿ. ಅದಕ್ಕೆ ಹಿಂದಿನ ಆ ಬಗೆಯ ಉಪಗ್ರಹಗಳಲ್ಲಿ ಕಾಣದ ಕೋನವಿದು. ಅದರ ಲೆಕ್ಕವನ್ನು ಹಿಂದಕ್ಕೆ ಓಡಿಸಿದಾಗ ಗೆರೆ ಬೈಕನೂರಿಗೆ ಹೊಂದಲಿಲ್ಲ. ಲೆಕ್ಕ ಹೊಂದದಿದ್ದಾಗ ನಮ್ಮಲ್ಲಿ ಅನೇಕರು ಮಾಡುವುದೇನೆಂದು ಎಲ್ಲರಿಗೂ ಗೊತ್ತು: ಎಲ್ಲೋ ತಪ್ಪಾಗಿದೆ ಎಂದು ಹಾಳೆ ಹರಿದು, ಪುಸ್ತಕದಲ್ಲಿರುವ ಉತ್ತರ ಬರುವಂತೆ ಇನ್ನೊಮ್ಮೆ ಬರೆಯುತ್ತೇವೆ. ಕೆಟರಿಂಗ್‌ನಲ್ಲಿ ಆ ಹೊಂದದ ಗೆರೆಯನ್ನು ಇಟ್ಟುಕೊಂಡು ಕಾದರು. ಅಕ್ಟೋಬರ್ 14ರಂದು ಕಾಸ್ಮೊಸ್ 129 ಹಾರಿತು. ಓರೆ ಸುಮಾರು 65 ಡಿಗ್ರಿ. ಓರೆ ಬೇರೆಯಾದ್ದರಿಂದ ಇದರ ಗೆರೆಯ ದಿಕ್ಕೂ ಬೇರೆ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸಿದ್ದು 63 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಪ್ಲೆಸೆಟ್ಸ್ಕ್ ಬಳಿ. ಬೈಕನೂರು ಇರುವುದು 46ರಲ್ಲಿ. ಇಷ್ಟು ದೊಡ್ಡ ಅಂತರವನ್ನು ಕೈತಪ್ಪೆಂದು ತಳ್ಳಿಹಾಕಲು ಸಾಧ್ಯವಿರಲಿಲ್ಲ.

ಸುದ್ದಿ ಪತ್ರಿಕೆಗಳಲ್ಲಿ ಹರಡಿತು. ಮುಂದೆ ಕೆಟರಿಂಗ್ ಗುಂಪು ಎಂದೇ ಹೆಸರಾದ ಈ ಬಳಗಕ್ಕೆ ಬೇರೆ ದೇಶಗಳ ಹವ್ಯಾಸಿಗಳೂ ಸೇರಿಕೊಂಡರು. ಅವರಲ್ಲೊಬ್ಬರಾದ ಸ್ವೀಡನ್ನಿನ ಸ್ವೆನ್ ಗ್ರಾನ್ ಮುಂದೆ ತಮ್ಮ ದೇಶದ ಬಾಹ್ಯಾಕಾಶ ಯೋಜನೆಗಳಲ್ಲೇ ದುಡಿದರು. ಆ ಕಾಲದಲ್ಲಿ ಸೋವಿಯತ್ ಬಾಹ್ಯಾಕಾಶ ಚಟುವಟಿಕೆಯ ಬಗ್ಗೆ ಸಾಮಾನ್ಯ ಓದುಗನಿಗೆ ಸಿಗುತ್ತಿದ್ದದ್ದು ಒಂದೋ ಮಾಸ್ಕೋದ ಪ್ರಕಟಣೆ, ಇಲ್ಲವೇ ವಾಷಿಂಗ್ಟನ್ ತನಗೆ ಬೇಕಾದಷ್ಟೇ ಸೋರಬಿಟ್ಟ ಮಾಹಿತಿ. ಎರಡರ ಹಂಗೂ ಇಲ್ಲದೆ, ಯಾರು ಬೇಕಾದರೂ ಮತ್ತೊಮ್ಮೆ ಲೆಕ್ಕಹಾಕಿ ಪರೀಕ್ಷಿಸಬಹುದಾದ ಮೂರನೆಯ ಮೂಲವೊಂದು ಶಾಲೆಯ ಕೋಣೆಯಲ್ಲಿ ಹುಟ್ಟಿತ್ತು. ಜಗತ್ತಿಗೆ ಈ ಹುಡುಗರಿಂದಾದ ಉಪಕಾರ ಇದೇ ಎಂದು ನನ್ನ ಎಣಿಕೆ. ಪ್ಲೆಸೆಟ್ಸ್ಕ್ ಎಂಬ ಹೆಸರು ಅದರ ಒಂದು ಫಲ ಮಾತ್ರ.

ಶಾಲೆಗಳ ವಿಜ್ಞಾನ ಪ್ರದರ್ಶನಗಳಿಗೆ ತೀರ್ಪುಗಾರನಾಗಿ ಹೋದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಥರ್ಮೋಕೋಲಿನ ಮನೆ, ಅದರ ಮೇಲೆ ಮಳೆನೀರು ಕೊಯ್ಲಿನ ಕೊಳವೆ. ಪಕ್ಕದ ಮೇಜಿನಲ್ಲಿ ಅಡುಗೆ ಸೋಡಾ ಮತ್ತು ವಿನೆಗರಿನ ಜ್ವಾಲಾಮುಖಿ. ಮಕ್ಕಳು ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ‘ಈ ಚಾವಣಿಯ ಮೇಲೆ ಹೋದ ತಿಂಗಳು ಎಷ್ಟು ನೀರು ಬಿತ್ತು?’ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಮಳೆಯನ್ನು ಅಳೆಯಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ತಪ್ಪು ಮಕ್ಕಳದ್ದಲ್ಲ. ಉತ್ತರ ಮೊದಲೇ ಗೊತ್ತಿರುವ ಕೆಲಸವನ್ನಷ್ಟೇ ನಾವು ಅವರ ಕೈಗೆ ಕೊಡುತ್ತಿದ್ದೇವೆ.

ಡಾಪ್ಲರ್ ಇಳಿಜಾರು ಹಳೆಯ ಕಾಲದ ಮಾತೇನೂ ಅಲ್ಲ. 2019ರ ಸೆಪ್ಟೆಂಬರ್ 7ರ ನಡುರಾತ್ರಿಯ ನಂತರ ಚಂದ್ರಯಾನ-2ರ ವಿಕ್ರಮ್ ಇಳಿಯುತ್ತಿದ್ದಾಗ ಬೆಂಗಳೂರಿನ ಆಕಾಶದಲ್ಲಿ ಚಂದ್ರ ಆಗಲೇ ಮುಳುಗಿದ್ದ. ನೆದರ್ಲೆಂಡ್ಸ್‌ನಲ್ಲಿ ಇನ್ನೂ ಮುಳುಗಿರಲಿಲ್ಲ. ಅಲ್ಲಿನ ಡ್ವಿಂಗೆಲೊದಲ್ಲಿ ಹವ್ಯಾಸಿಗಳು ನೋಡಿಕೊಳ್ಳುವ 25 ಮೀಟರಿನ ಹಳೆಯ ರೇಡಿಯೊ ದೂರದರ್ಶಕ ವಿಕ್ರಮ್‌ನ ಸಂಕೇತವನ್ನು ಹಿಡಿಯುತ್ತಿತ್ತು. ವೇಗ ತಗ್ಗುವುದಕ್ಕೆ ತಕ್ಕಂತೆ ಬಾಗುತ್ತ ಬಂದ ಡಾಪ್ಲರ್ ರೇಖೆ ಕೊನೆಗೆ ಕಡಿದುಹೋದದ್ದನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ಕೆಟರಿಂಗ್‌ನ ಗ್ರಾಫ್ ಹಾಳೆಯ ಮೇಲಿದ್ದ ಗೆರೆಯ ಮರಿಮಗನದು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹವ್ಯಾಸಿಗಳಿಗಾಗಿ ಬರುವ ಪ್ರಸಾರ 145.800 ಮೆಗಾಹರ್ಟ್ಸ್‌ನಲ್ಲಿದೆ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಪರವಾನಗಿ ಪಡೆಯಬಹುದು. ಮನೆಯ ತಾರಸಿಯ ಮೇಲೆ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನೊಂದಿಗೆ ನಿಂತರೂ ಡಾಪ್ಲರ್ ಬಿಡುವುದಿಲ್ಲ: ನಿಲ್ದಾಣ ದಿಗಂತದಲ್ಲಿ ಏಳುವಾಗ 145.805ಕ್ಕೆ ಇಟ್ಟಿರಬೇಕು, ನೆತ್ತಿಗೆ ಬಂದಾಗ 145.800ಕ್ಕೆ ತರಬೇಕು, ಇಳಿಯುವಾಗ 145.795ಕ್ಕೆ. ಎರಡನೆಯ ಸಲ ಗುಂಡಿ ತಿರುಗಿಸುವುದನ್ನು ಮರೆತರೆ ಮಾತು ಗೊರಗೊರ ಎನ್ನತೊಡಗುತ್ತದೆ. ನಮ್ಮ ತಾರಸಿಯಲ್ಲಿ ಆಗ ಪಕ್ಕದ ಮನೆಯ ಎಂಟನೇ ಕ್ಲಾಸಿನ ಹುಡುಗಿ ಗಡಿಯಾರ ನೋಡಿ ವೇಳೆ ಬರೆದುಕೊಳ್ಳುತ್ತಾಳೆ. ಅವಳ ನೋಟುಬುಕ್ಕಿನಲ್ಲಿ ಈಗ ಹನ್ನೊಂದು ಸಾಲುಗಳಿವೆ. ಏಳನೆಯದು ಉಳಿದವುಗಳೊಂದಿಗೆ ಹೊಂದುತ್ತಿಲ್ಲ, ಅದನ್ನು ಅವಳು ಹೊಡೆದುಹಾಕಿಲ್ಲ.