ಕಣ್ಣು ನಿರ್ದೇಶಕರದು, ಮಾತು ನಮ್ಮದು: ಸ್ಟುಡಿಯೊದಿಂದ ಫುಟ್‌ಬಾಲ್ ವೀಕ್ಷಕ ವಿವರಣೆ

ವೀಕ್ಷಕ ವಿವರಣೆ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಕನ್ನಡದಲ್ಲಿ ಈ ಕೆಲಸ ಹುಡುಕುವವರು ಕ್ರೀಡಾಂಗಣದ ಕನಸು ಕಂಡರೂ ಕೂರಬೇಕಾಗಿ ಬರುವುದು ಬಹುತೇಕ ಸ್ಟುಡಿಯೊದಲ್ಲಿ, ಮಾನಿಟರ್ ಎದುರು. ಅದನ್ನು ಎರಡನೇ ದರ್ಜೆಯ ಕೆಲಸ ಎಂದುಕೊಂಡು ಕೂತವರು ಅದನ್ನು ಎರಡನೇ ದರ್ಜೆಯಾಗಿಯೇ ಮಾಡುತ್ತಾರೆ. ಇದು ತನ್ನದೇ ನಿಯಮಗಳಿರುವ ಕಸುಬು, ಹಾಗೆಂದೇ ಕಲಿಯಬೇಕು.

ಪದ್ಧತಿ ಹೊಸದೇನಲ್ಲ. 1938ರಲ್ಲಿ ಆಸ್ಟ್ರೇಲಿಯಾ ಕ್ರಿಕೆಟ್ ತಂಡ ಇಂಗ್ಲೆಂಡಿನಲ್ಲಿ ಆಡುತ್ತಿದ್ದಾಗ ಆ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ರೇಡಿಯೊ ವಿವರಣೆಗಾರರು ಸಿಡ್ನಿಯ ಸ್ಟುಡಿಯೊದಲ್ಲಿ ಕುಳಿತು, ಬಂದ ತಂತಿ ಸಂದೇಶಗಳನ್ನು ಓದಿ ಆಟವನ್ನು ಕಟ್ಟಿ ಹೇಳುತ್ತಿದ್ದರು. ಬ್ಯಾಟಿಗೆ ಚೆಂಡು ತಗುಲಿದ ಸದ್ದಿಗೆ ಮರದ ತುಂಡಿನ ಮೇಲೆ ಪೆನ್ಸಿಲ್ ಬಡಿಯುತ್ತಿದ್ದರು. ಫುಟ್‌ಬಾಲಿನಲ್ಲಿ ಎಲ್ಲರೂ ಉದಾಹರಿಸುವುದು 2018ರ ವಿಶ್ವಕಪ್. ಪಂದ್ಯಗಳು ರಷ್ಯಾದಲ್ಲಿ; ಅಮೆರಿಕದ ಫಾಕ್ಸ್ ಸ್ಪೋರ್ಟ್ಸ್ ಅಲ್ಲಿಗೆ ಕಳಿಸಿದ್ದು ತನ್ನ ಆರು ವಿವರಣೆಗಾರರ ಜೋಡಿಗಳಲ್ಲಿ ಎರಡನ್ನು ಮಾತ್ರ. ಉಳಿದ ನಾಲ್ಕು ಜೋಡಿಗಳು ಲಾಸ್ ಏಂಜಲೀಸ್‌ನ ಸ್ಟುಡಿಯೊದಲ್ಲಿದ್ದವು. ಮಾಸ್ಕೊದಲ್ಲಿ ಮಧ್ಯಾಹ್ನ ಮೂರಕ್ಕೆ ಪಂದ್ಯವೆಂದರೆ ಅವರಿಗೆ ಬೆಳಗಿನ ಐದು ಗಂಟೆ. ಕಾರಣ ಮುಖ್ಯವಾಗಿ ಖರ್ಚು. ಆ ಸಲ ಅಮೆರಿಕ ತಂಡ ಅರ್ಹತೆಯನ್ನೇ ಪಡೆದಿರಲಿಲ್ಲ ಎಂಬುದನ್ನೂ ನೆನಪಿಡಿ.

ತಾಂತ್ರಿಕ ಭಾಗ ಸರಳ. ಆತಿಥೇಯ ಪ್ರಸಾರಕರು ಒಂದೇ ವಿಶ್ವ ಪ್ರಸಾರವನ್ನು ಸಿದ್ಧಪಡಿಸುತ್ತಾರೆ: ಚಿತ್ರ, ಅದರ ಜೊತೆ ಮೈದಾನದ ಸದ್ದು, ಮಾತಿಲ್ಲದೆ. ಪ್ರತಿ ದೇಶದ ವಾಹಿನಿಯೂ ಅದರ ಮೇಲೆ ತನ್ನ ಭಾಷೆಯ ದನಿ ಸೇರಿಸಿಕೊಳ್ಳುತ್ತದೆ. ದನಿ ಮೈದಾನದಿಂದ ಬಂದರೂ ಸ್ಟುಡಿಯೊದಿಂದ ಬಂದರೂ ಮನೆಯಲ್ಲಿರುವವರಿಗೆ ಸುಲಭವಾಗಿ ಗೊತ್ತಾಗದಿರುವುದು ಇದರಿಂದಲೇ.

ನಿಜವಾದ ಪಾಠ ಇರುವುದು ನೋಟದಲ್ಲಿ. ಕ್ರೀಡಾಂಗಣದಲ್ಲಿ ಕುಳಿತವರು ಎಲ್ಲಿ ಬೇಕಾದರೂ ಕಣ್ಣು ಹಾಯಿಸಬಹುದು. ಸ್ಟುಡಿಯೊದಲ್ಲಿ ಆ ಆಯ್ಕೆ ಪ್ರಸಾರದ ನಿರ್ದೇಶಕರ ಕೈಯಲ್ಲಿದೆ. ಮೈದಾನದ ಉದ್ದ ಸಾಮಾನ್ಯವಾಗಿ 105 ಮೀಟರ್, ಅಗಲ 68. ಮುಖ್ಯ ಕ್ಯಾಮೆರಾ ಚೆಂಡಿನ ಸುತ್ತಲಿನ ಭಾಗವನ್ನಷ್ಟೇ ಕೊಡುತ್ತದೆ. ಒಂದು ದಾಳಿಯನ್ನೇ ತೆಗೆದುಕೊಳ್ಳಿ. ಮಧ್ಯಭಾಗದಿಂದ ಉದ್ದನೆಯ ಪಾಸ್ ಹೊರಟಿತು. ಅದನ್ನು ಪಡೆಯಬೇಕಾದ ಆಟಗಾರ ಇನ್ನೂ ಚೌಕಟ್ಟಿನ ಹೊರಗಿದ್ದಾನೆ. ಸಹಾಯಕ ರೆಫರಿ ಬಾವುಟ ಎತ್ತಿದ್ದಾರೆಯೇ? ಕಾಣುವುದಿಲ್ಲ. ಕ್ಯಾಮೆರಾ ಹೊರಳುತ್ತದೆ, ಆಟಗಾರ ಚೆಂಡನ್ನು ಬಲೆಗೆ ಸೇರಿಸುತ್ತಾನೆ, ನೀವು ‘ಗೋಲು’ ಎಂದು ಕೂಗುತ್ತೀರಿ. ಮೈದಾನದಲ್ಲಿದ್ದವರಿಗೆ ಮೂರು ಸೆಕೆಂಡ್ ಮೊದಲೇ ಅದು ಆಫ್‌ಸೈಡ್, ಗೋಲು ಸಲ್ಲದು ಎಂದು ತಿಳಿದಿತ್ತು.

ಇದಕ್ಕೆ ಪರಿಹಾರ ನಮ್ಮ ವಾಕ್ಯದಲ್ಲೇ ಇದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ತೀರ್ಪನ್ನು ಕೊನೆಯ ಕ್ಷಣದವರೆಗೆ ತಡೆದಿಡಬಹುದು. ‘ಎಡಗಡೆಯಿಂದ ಒಳಗೆ, ಡಿಫೆಂಡರ್‌ನನ್ನು ದಾಟಿ, ಗೋಲ್‌ಕೀಪರ್ ಎದುರಿಗೆ...’ ಎಂದು ಸಾಗುತ್ತಿರಿ. ಅಷ್ಟರಲ್ಲಿ ರೆಫರಿಯ ಸೀಟಿ, ಡಿಫೆಂಡರ್‌ಗಳ ಎತ್ತಿದ ಕೈ, ಜನರ ಕೂಗು ಉತ್ತರ ಕೊಡುತ್ತವೆ. ಹೆಡ್‌ಫೋನಿನಲ್ಲಿ ಮೈದಾನದ ಸದ್ದನ್ನು ಧಾರಾಳವಾಗಿ ಕೇಳಿಸಿಕೊಳ್ಳಿ. ಚಿತ್ರಕ್ಕೆ ಸಿಗದ್ದನ್ನು ಪ್ರೇಕ್ಷಕರು ಮೊದಲು ಹೇಳುತ್ತಾರೆ. 2020ರಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಪಂದ್ಯ ನಡೆದು, ಪ್ರಸಾರಕ್ಕೆ ಮುದ್ರಿತ ಗದ್ದಲ ಬೆರೆಸಿದಾಗ ಈ ಸುಳಿವೇ ಕೈತಪ್ಪಿತು.

ಮರುಪ್ರದರ್ಶನ ಇನ್ನೊಂದು ಗುಂಡಿ. ಪರದೆಯ ಮೇಲೆ ಹಳೆಯ ಫೌಲ್ ನಿಧಾನಗತಿಯಲ್ಲಿ ಓಡುತ್ತಿರುವಾಗಲೇ ಅತ್ತ ಆಟ ಮತ್ತೆ ಶುರುವಾಗಿರುತ್ತದೆ. ಆದ್ದರಿಂದ ಮರುಪ್ರದರ್ಶನದ ಮೇಲೆ ಉದ್ದ ವಾಕ್ಯ ಹೂಡಬೇಡಿ. ಎಲ್ಲಿ ಬೇಕಾದರೂ ಕಡಿಯಬಹುದಾದ ಸಣ್ಣ ತುಣುಕುಗಳು ಸಾಕು. ಬದಲಿ ಆಟಗಾರ ಗೆರೆಯ ಬಳಿ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿರುವುದೂ ನಿಮಗೆ ಕಾಣುವುದಿಲ್ಲ, ಹಾಗಾಗಿ ಎರಡೂ ತಂಡಗಳ ಬದಲಿ ಆಟಗಾರರ ಸಂಖ್ಯೆಗಳು ಬಾಯಿಪಾಠವಾಗಿರಲಿ. ಬೆನ್ನಿನ ಸಂಖ್ಯೆ ಕಾಣದಿದ್ದಾಗ ಬೂಟಿನ ಬಣ್ಣ, ಕೂದಲು, ಓಡುವ ಠೀವಿ ಸಹಾಯಕ್ಕೆ ಬರುತ್ತವೆ. ಪಂದ್ಯದ ಮೊದಲಿನ ಅಭ್ಯಾಸದ ಚಿತ್ರ ಸಿಕ್ಕರೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಜೊತೆಗಾರರು ಬೇರೆ ಊರಿನಲ್ಲಿದ್ದರೆ ಇಬ್ಬರ ದನಿಯ ನಡುವೆ ಸಣ್ಣ ವಿಳಂಬ ಇರುತ್ತದೆ, ಮಾತಿನ ಮೇಲೆ ಮಾತು ಬೀಳುತ್ತದೆ. ಹೆಸರು ಹಿಡಿದು ಪ್ರಶ್ನೆ ಕೇಳಿ ಮಾತು ಬಿಟ್ಟುಕೊಡುವುದೇ ಮದ್ದು. ಮೊಬೈಲ್ ದೂರವಿಡಿ: ನಿಮ್ಮ ಚಿತ್ರಕ್ಕಿಂತ ಮೊದಲೇ ಗೋಲಿನ ಸಂದೇಶ ಬಂದರೆ ನಿಮ್ಮ ದನಿ ಅದನ್ನು ಮುಚ್ಚಿಡಲಾರದು.

ಇನ್ನು ನೈತಿಕ ಭಾಗ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ನಡುವಿನ ಯುರೋ (ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ) ಪಂದ್ಯದ ಮೊದಲಾರ್ಧ ಮುಗಿಯುತ್ತಿರುವಾಗ ಡೆನ್ಮಾರ್ಕ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಹೃದಯ ಸ್ತಂಭನವಾಗಿ ಕುಸಿದರು. ಸಹ ಆಟಗಾರರು ಸುತ್ತ ಗೋಡೆಯಾಗಿ ನಿಂತರು. ಅಂಥ ಹೊತ್ತಿನಲ್ಲಿ ಪರದೆ ತೋರಿಸಿದ್ದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುವ ಹಕ್ಕು ಸ್ಟುಡಿಯೊದಲ್ಲಿ ಕುಳಿತವರಿಗಿಲ್ಲ. ಊಹೆಯೊಂದು ಆ ಮನುಷ್ಯನ ಮನೆಯವರ ಕಿವಿಗೂ ಬೀಳಬಹುದು. ‘ವೈದ್ಯರು ಬಂದಿದ್ದಾರೆ, ನಾವು ಕಾಯುತ್ತೇವೆ’ ಎಂದು ಹೇಳಿ ಮೌನವಾಗಿರುವುದೇ ಕೆಲಸ. ಎರಿಕ್ಸನ್ ಬದುಕುಳಿದು, 2022ರಲ್ಲಿ ಮತ್ತೆ ಆಡಲು ಇಳಿದರು.

ಇದೇ ಕಾರಣಕ್ಕೆ, ಸಾಮಾನ್ಯ ಪಂದ್ಯದಲ್ಲೂ ಮೈದಾನದಲ್ಲಿರುವಂತೆ ನಟಿಸಬೇಡಿ. ‘ಇಲ್ಲಿ ತಂಪು ಗಾಳಿ ಬೀಸುತ್ತಿದೆ’ ಎಂದು ಹವಾನಿಯಂತ್ರಿತ ಕೋಣೆಯಿಂದ ಹೇಳುವುದು ಸುಳ್ಳು. ಆರಂಭದಲ್ಲೇ ಎಲ್ಲಿಂದ ಮಾತನಾಡುತ್ತಿದ್ದೇವೆ ಎಂದು ತಿಳಿಸಿದರೆ ನೋಡುಗರ ವಿಶ್ವಾಸಕ್ಕೆ ಕುಂದಿಲ್ಲ.

ಅಭ್ಯಾಸಕ್ಕೆ ನಾನು ಸೂಚಿಸುವ ಪಂದ್ಯ 2019ರ ಮಾರ್ಚ್ 17ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್: ಮುಂಬೈನಲ್ಲಿ ಬೆಂಗಳೂರು ಎಫ್‌ಸಿ, ಗೋವಾ ಎದುರು. ಹೆಚ್ಚುವರಿ ಅವಧಿಯ ದೃಶ್ಯ ಹಾಕಿ, ಸದ್ದು ಪೂರ್ತಿ ತೆಗೆದು, ನಿಮ್ಮ ದನಿಯನ್ನು ಮುದ್ರಿಸಿಕೊಳ್ಳಿ. 117ನೇ ನಿಮಿಷದಲ್ಲಿ ಬೆಂಗಳೂರಿನ ಡಿಮಾಸ್ ಡೆಲ್ಗಾಡೊ ಕಾರ್ನರ್ ತೆಗೆದುಕೊಳ್ಳುತ್ತಾರೆ, ಅದೇ ತಂಡದ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆಯುತ್ತಾರೆ. ಫಲಿತಾಂಶ ಗೊತ್ತಿದ್ದೂ, ಭೇಕೆಯ ಹೆಸರು ಪರದೆಯಲ್ಲಿ ಅವರ ಗುರುತು ಸಿಕ್ಕ ಮೇಲೆಯೇ ನಿಮ್ಮ ಬಾಯಿಂದ ಬರಬೇಕು. ಆಮೇಲೆ ಮುದ್ರಿಕೆ ಕೇಳುತ್ತಾ, ಚಿತ್ರದಲ್ಲಿ ಇಲ್ಲದ್ದನ್ನು ಹೇಳಿದ ಪ್ರತಿ ವಾಕ್ಯದ ಎದುರು ಗುರುತು ಹಾಕಿ, ಆ ಭಾಗವನ್ನಷ್ಟೇ ಮತ್ತೆ ಹೇಳಿ.